ಮಾದಪ್ಪನಿಗೂ ಓದಿ ಹೇಳಿದ ಒಪ್ಪಿಗೆ ಪತ್ರ

ಅಜ್ಜಿ ಮೂರ್ಛೆ ಹೋಗಬಹುದಿತ್ತು. ಮರಗಟ್ಟಿಸುವ ಇಂಜೆಕ್ಷನ್ ಒಗ್ಗದೆ ಮೈಯೆಲ್ಲ ದದ್ದು ಏಳಬಹುದಿತ್ತು. ಕೀವು ಮೂಳೆಗೆ ಇಳಿದು ಹೆಬ್ಬೆರಳೇ ಹೋಗಬಹುದಿತ್ತು. ಅವಳ ಮಗ ಚಾಮರಾಜನಗರದಿಂದ ಒಬ್ಬ ವಕೀಲನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬರಬಹುದಿತ್ತು. ನನ್ನ ಕೈಕೆಳಗಿನ ಕಿರಿಯ ಡಾಕ್ಟರು ಗುಡಿಯಲ್ಲಿ ನಿಂತು ಒಪ್ಪಿಗೆ ಪತ್ರ ಓದುವುದನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಬಹುದಿತ್ತು. ಹೂವು ಎಡಕ್ಕೆ ಬೀಳಬಹುದಿತ್ತು. ಬೀಳದೆಯೇ ಉಳಿಯಬಹುದಿತ್ತು. ಅದು ಇನ್ನೂ ಕೆಟ್ಟದ್ದು. ದೇವರಿಗಾಗಿ ನಾವು ಕಾಯಬಹುದು, ಕೀವು ಕಾಯುವುದಿಲ್ಲ.

ಇದರಲ್ಲಿ ಒಂದೂ ಆಗಲಿಲ್ಲ. ಎಲ್ಲವೂ ಆಗಿ ಮುಗಿದಷ್ಟು ದಣಿವು ಮಾತ್ರ ನನಗೆ ಆವತ್ತೇ ಆಗಿತ್ತು.

ತಾಳವಾಡಿಯ ಹತ್ತಿರ ನಮ್ಮದೊಂದು ಸಣ್ಣ ಆಸ್ಪತ್ರೆ. ನಾನು ಅಲ್ಲಿಯ ಹಿರಿಯ ಡಾಕ್ಟರು. ವಯಸ್ಸು ಐವತ್ತು ದಾಟಿದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಹೋಗುವ ಜಾತಿ. ಈಗ ಮನೆಯಲ್ಲಿರುವುದು ಕರೆಂಟಿನ ಒಲೆ. ಆದರೂ ಹೋಗುತ್ತೇನೆ.

ಕಿರಿಯ ಡಾಕ್ಟರು ಸತ್ಯಮಂಗಲದ ಹುಡುಗಿ. ಮನೆಮಾತು ಕನ್ನಡ, ಕಾಲೇಜು ಬಿಟ್ಟು ಇನ್ನೂ ವರ್ಷವಾಗಿಲ್ಲ. ಅವಳು ಬಂದ ಮೊದಲ ವಾರವೇ ನಾನು ಒಂದು ಗಂಟೆ ಕೂರಿಸಿಕೊಂಡು ಹೆದರಿಸಿದ್ದೆ. ರೋಗಿಗೆ ಏನೇನು ಆಗಬಹುದೋ ಅಷ್ಟನ್ನೂ ಬಾಯಿಬಿಟ್ಟು ಹೇಳಬೇಕು, ಅವರು ಒಪ್ಪಿದ ಮೇಲೆಯೇ ಕತ್ತಿ ಮುಟ್ಟಬೇಕು, ಒಂದು ಬಿಟ್ಟರೂ ನಾಳೆ ಕೋರ್ಟಿನಲ್ಲಿ ಅದನ್ನೇ ಕೇಳುತ್ತಾರೆ ಎಂದಿದ್ದೆ. ಅವಳು ಹೆದರಲಿಲ್ಲ, ಬರೆದುಕೊಂಡಳು.

ಅಜ್ಜಿ ಗೆಟ್ಟವಾಡಿಯವಳು. ಬೀನ್ಸ್ ಬಳ್ಳಿಗೆ ಕಡ್ಡಿ ನೆಡುವಾಗ ಬಲಗೈ ಹೆಬ್ಬೆರಳಿನ ತುದಿಗೆ ಸಿಬಿರು ಚುಚ್ಚಿತ್ತು. ಐದು ದಿನ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಟೋಪಿಯ ಹಾಗೆ ಹಾಕಿಕೊಂಡು ಓಡಾಡಿ, ಆರನೆಯ ದಿನ ಬಸ್ಸು ಹತ್ತಿ ಬಂದಿದ್ದಳು. ನಿಂಬೆಹಣ್ಣು ತೆಗೆದರೆ ಒಳಗಿನದು ಬದನೆಕಾಯಿಯ ಬಣ್ಣ.

"ಇವತ್ತೇ ಕುಯ್ದು ಕೀವು ತೆಗೀಬೇಕು ಅಜ್ಜಿ. ಬಿಟ್ಟರೆ ಬೆರಳಿಗೇ ಅಪಾಯ," ಎಂದಳು ನಮ್ಮ ಹುಡುಗಿ.

"ಕುಯ್ಯವ್ವ. ಅದ್ಕೇ ತಾನೆ ಬಂದಿರೋದು."

ಅಲ್ಲಿಗೆ ಮುಗಿಯಬೇಕಿತ್ತು. ನಾನು ಕಲಿಸಿದ್ದೆನಲ್ಲ! ಅವಳು ಒಪ್ಪಿಗೆ ಪತ್ರ ತೆಗೆದು ಓದತೊಡಗಿದಳು. ರಕ್ತ ಹೋಗಬಹುದು. ಮತ್ತೆ ಕೀವು ತುಂಬಬಹುದು. ಬೆರಳ ತುದಿ ಜೋಮು ಹಿಡಿಯಬಹುದು. ಇನ್ನೊಮ್ಮೆ ಕುಯ್ಯಬೇಕಾಗಬಹುದು. ಬಲು ಅಪರೂಪಕ್ಕೆ ಬೆರಳೇ...

"ತಡಿಯವ್ವ," ಎಂದಳು ಅಜ್ಜಿ. "ವಾಸಿ ಮಾಡ್ತೀಯೋ, ಶಾಪ ಆಕ್ತೀಯೋ?"

"ಇದೆಲ್ಲಾ ಆಗತ್ತೆ ಅಂತಲ್ಲ ಅಜ್ಜಿ. ಆಗಬಹುದು ಅಂತ. ಹೇಳಲೇಬೇಕು, ಕಾನೂನು."

"ನನ್ನ ಎಣ್ಣು ಕೇಳಾಕ್ ಬಂದಾಗ ಯಾವನಾದ್ರೂ ಇಂಗೆ ಕಾಗ್ಜ ಓದ್ನಾ? ಗಂಡು ಕುಡೀಬೋದು, ಒಡೀಬೋದು, ಅಪರೂಪಕ್ಕೆ ಓಡೋಗ್ಬೋದು ಅಂತ? ಓದಿದ್ರೆ ನಾನು ಮದ್ವೆ ಆಯ್ತಿದ್ನಾ?"

ಬಾಗಿಲಾಚೆ ಬೆಂಚಿನ ಮೇಲಿದ್ದ ಅವಳೂರಿನ ಮುದುಕನೊಬ್ಬ, "ಓದಿದ್ರೂ ಆಯ್ತಿದ್ದೆ ಬುಡು," ಎಂದ. ಬೆಂಚೆಲ್ಲ ನಕ್ಕಿತು.

ಅಜ್ಜಿ ನಗಲಿಲ್ಲ, ನಿಂಬೆಹಣ್ಣನ್ನು ಮತ್ತೆ ಬೆರಳಿಗೆ ಸಿಕ್ಕಿಸಿಕೊಂಡಳು. "ಇಷ್ಟೆಲ್ಲ ಅದೆ ಅಂದ್ಮೇಲೆ ನಾನೊಬ್ಳೇ ಊಂ ಅನ್ನಾಕಾಗಲ್ಲ. ಮಾದಪ್ಪನ್ನ ಕೇಳ್ತೀನಿ. ಬಲಗಡೆ ಊವ ಕೊಟ್ರೆ ಕುಯ್ಯಿ. ಎಡಗಡೆ ಕೊಟ್ರೆ ನಂಗೆ ನಿಂಬೆಅಣ್ಣೇ ಸಾಕು."

ನಮ್ಮ ಕಡೆ ಇದು ಇರುವುದೇ. ಮದುವೆಯಾಗಲಿ, ಬೋರ್‌ವೆಲ್ ಆಗಲಿ, ದೇವರ ಮೈಗೆ ಹೂವು ಅಂಟಿಸಿ ಕಾಯುವುದು. ಬಲಕ್ಕೆ ಬಿದ್ದರೆ ಅಪ್ಪಣೆ. ಹೆಬ್ಬೆರಳಿಗೆ ಕೇಳಿದ್ದನ್ನು ನಾನು ಮೊದಲು ನೋಡಿದ್ದು ಆವತ್ತೇ.

ನಮ್ಮ ಹುಡುಗಿ ನನ್ನ ಕೋಣೆಗೆ ಬಂದಳು. "ಸರ್, ಒಪ್ಪಿಗೆ ವಾಪಸ್ ತಗೊಂಡ್ರು. ಬಲವಂತ ಮಾಡೋ ಹಾಗಿಲ್ಲ. ಸುಮ್ನೆ ಕಳಿಸಿದ್ರೆ ಬೆರಳು ಹೋಗತ್ತೆ. ಏನ್ ಮಾಡ್ಲಿ?"

"ಬರೆದಿಡು," ಎಂದೆ. ಯಾವ ಪ್ರಶ್ನೆಗೂ ನನ್ನ ಮೊದಲ ಉತ್ತರ ಅದೇ.

"ಏನಂತ? ದೇವರು ಹೇಳೋವರೆಗೂ ಕಾಯ್ತಾ ಇದೀವಿ ಅಂತಾನಾ?"

ಅದನ್ನು ನ್ಯಾಯಾಧೀಶರೊಬ್ಬರು ಕನ್ನಡಕ ಏರಿಸಿಕೊಂಡು ಓದುವುದು ನನ್ನ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಅಜ್ಜಿಯೇ ಬಾಗಿಲಿಗೆ ಬಂದಳು.

"ನೀನೂ ಬಾರವ್ವ. ಆ ಕಾಗ್ಜವ ತಕ್ಕೊ. ನಂಗೆ ಓದ್ದಂಗೇ ಅವನ್ಗೂ ಓದು. ಪೂರ್ತಿ ಕೇಳ್ದೆ ಊವ ಕೊಟ್ಬುಟ್ಟಾನು."

"ನಿಮ್ಮ ಕಾಯಿಲೆ ವಿಷಯ ಎಲ್ಲರ ಮುಂದೆ ಓದಬಹುದಾ ಅಜ್ಜಿ? ಅದು ಗುಟ್ಟಾಗಿ ಇಡಬೇಕಾದ್ದು."

"ಐದ್ ದಿನದಿಂದ ನಿಂಬೆಅಣ್ಣು ಆಕ್ಕೊಂಡು ಓಡಾಡ್ತಿವ್ನಿ. ಯಾವ ಗುಟ್ಟವ್ವ?"

ಮಾದಪ್ಪನ ಗುಡಿ ರಸ್ತೆಯ ಆಚೆ ಬದಿಗೇ ಇತ್ತು. ನಾನೂ ಹೋದೆ, ಸಾಕ್ಷಿಗೆ ಎಂದು ಹೇಳಿಕೊಂಡು. ನಿಜವಾಗಿ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಬೆಂಚಿನವರೂ ಬಂದರು.

ನಮ್ಮ ಹುಡುಗಿ ಚಪ್ಪಲಿ ಬಿಟ್ಟು, ಕೊರಳಿನ ಸ್ಟೆತಸ್ಕೋಪು ತೆಗೆದು ಜೇಬಿಗಿಟ್ಟು, ಮೊದಲಿನಿಂದ ಓದಿದಳು. ಪೂಜಾರಿ ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಗಮನವಿಟ್ಟು ಕೇಳಿದ. "ಜೋಮು ಅಂದ್ಯಲ್ಲ ತಾಯಿ, ಎಷ್ಟ್ ದಿನ ಇರ್ತದೆ? ಅಸ ಕರೆಯೋ ಕೈ ಅದು," ಎಂದ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ಇಪ್ಪತ್ತೈದು ವರ್ಷದ ಕೆಲಸದಲ್ಲಿ ಯಾವ ರೋಗಿಯೂ ಕೇಳಿರಲಿಲ್ಲ. ಅವಳು ಒಮ್ಮೆ ಪೂಜಾರಿಯ ಕಡೆ, ಒಮ್ಮೆ ದೇವರ ಕಡೆ ನೋಡುತ್ತ, ಹೆಚ್ಚಿನವರಿಗೆ ಕೆಲವು ವಾರ, ಅಪರೂಪಕ್ಕೆ ಕೆಲವು ತಿಂಗಳು ಎಂದು ಬಿಡಿಸಿ ಹೇಳಿದಳು.

ಹೂವು ಅಂಟಿಸಿದರು. ಎಲ್ಲರೂ ಕೈಮುಗಿದು ನಿಂತೆವು. ಹೂವು ಅಲುಗಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಕೀವು ಮೂಳೆಯ ಕಡೆಗೆ ಎಷ್ಟು ದೂರ ನಡೆದಿರಬಹುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಪಕ್ಕದಲ್ಲೊಂದು ಟೇಬಲ್ ಫ್ಯಾನು ಗೋಡೆಗೆ ಮುಖ ಮಾಡಿ ತಿರುಗುತ್ತಿತ್ತು. ಅದನ್ನು ಸ್ವಲ್ಪ, ಒಂದೇ ಒಂದು ಚೂರು, ಈ ಕಡೆ ತಿರುಗಿಸಿದರೆ? ನನ್ನ ಕೈ ತಾನಾಗಿ ಅದರ ತನಕ ಹೋಯಿತು.

"ಸರ್," ಎಂದು ನಮ್ಮ ಹುಡುಗಿ ಪಿಸುಗುಟ್ಟಿದಳು, "ಅದು ಒತ್ತಡ ಹೇರಿದ ಹಾಗಾಗತ್ತೆ. ನೀವೇ ಹೇಳಿಕೊಟ್ಟಿದ್ದು."

ಕೈ ಹಿಂದಕ್ಕೆ ತೆಗೆದುಕೊಂಡೆ. ಇನ್ನೂ ಸ್ವಲ್ಪ ಹೊತ್ತಿಗೆ ಹೂವು ತಾನಾಗಿ ಜಾರಿ ಬಲಕ್ಕೆ ಬಿತ್ತು. ಎಲ್ಲರಿಗಿಂತ ಜೋರಾಗಿ "ಮಾದಪ್ಪಾ!" ಎಂದವನು ನಾನೇ ಎಂದು ಆಮೇಲೆ ಬೆಂಚಿನವರು ಹೇಳಿದರು.

ಅಜ್ಜಿ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿದಳು. ಬೆರಳು ಕುಯ್ಯಲು ಹಿಡಿದದ್ದು ಕಾಲು ಗಂಟೆ. ಮೂರ್ಛೆ ಇಲ್ಲ, ದದ್ದು ಇಲ್ಲ. ಕೀವು ಚೆನ್ನಾಗಿ ಬಂತು. ಗಾಯ ಮಾಯಿತು. ಜೋಮೂ ಉಳಿಯಲಿಲ್ಲ, ಹಸು ಎಂದಿನಂತೆ ಹಾಲು ಕೊಟ್ಟಿತು. ಇದೆಲ್ಲ ನನಗೆ ಗೊತ್ತಾದದ್ದು ಎರಡು ದಿನಕ್ಕೊಮ್ಮೆ ಫೋನ್ ಮಾಡಿ ಆ ಮನೆಯವರನ್ನು ಗೋಳು ಹುಯ್ದುಕೊಂಡದ್ದರಿಂದ.

ಒಂದೂವರೆ ತಿಂಗಳಾದ ಮೇಲೆ ಅಜ್ಜಿ ಬಂದಳು. ನಮ್ಮ ಹುಡುಗಿಯ ಮೂಗಿನ ಮುಂದೆ ಬಲಗೈ ಹೆಬ್ಬೆರಳು ಹಿಡಿದಳು. ತುದಿಯಲ್ಲಿ ಅಚ್ಚುಕಟ್ಟಾದ ಒಂದು ಗೀಟು, ಅಷ್ಟೆ.

"ಅಷ್ಟುದ್ದ ಓದ್ದಲ್ಲವ್ವ, ಇದೊಂದ ಯಾಕೆ ಓದ್ನಿಲ್ಲ? ರೇಷನ್ ಅಂಗ್ಡಿ ಮಿಷನ್ನು ಈ ಬೆಟ್ಟು ನಂದಲ್ಲ ಅಂತದೆ!"

ಉಳಿದ ಒಂಬತ್ತು ಬೆರಳನ್ನೂ ಒತ್ತಿಸಿ ನೋಡಿದ್ದರಂತೆ. ಮಣ್ಣಿನ ಕೆಲಸದಲ್ಲಿ ಅವುಗಳ ಗೆರೆಗಳು ಎಂದೋ ಸವೆದುಹೋಗಿದ್ದವು. ಅಜ್ಜಿಯನ್ನು ಅಜ್ಜಿ ಎಂದು ಆ ಮಿಷನ್ನು ಒಪ್ಪುತ್ತಿದ್ದದ್ದು ಇದೊಂದೇ ಬೆರಳಿನಿಂದ. ಲೋಕದಲ್ಲಿ ಆಗಬಹುದಾದ ಕೆಟ್ಟದ್ದನ್ನೆಲ್ಲ ಬಲ್ಲ ನನಗೂ ಇದು ಹೊಳೆದಿರಲಿಲ್ಲ.

"ಕಾರ್ಡಲ್ಲಿ ಸೊಸೆ ಹೆಸರೂ ಇರತ್ತಲ್ಲ ಅಜ್ಜಿ? ಅವರು ಹೋಗಿ ಒತ್ತಿದರೆ ಆಯ್ತು."

"ಓದ ತಿಂಗ್ಳು ಅವ್ಳೇ ಒತ್ತುದ್ಳು."

"ಮತ್ತೇನು ತೊಂದರೆ?"

ಅಜ್ಜಿ ಬೆಂಚಿನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ, "ಬಾಗ್ಲಾಕವ್ವ," ಎಂದಳು.

ಹಾಕಿದ ಬಾಗಿಲ ಒಳಗೆ ರೋಗಿ ಹೇಳಿದ್ದನ್ನು ಬರೆಯುವಂತಿಲ್ಲ. ಆದದ್ದನ್ನಷ್ಟೇ ಬರೆಯುತ್ತೇನೆ: ಮದುವೆಯಾಗಿ ಪಕ್ಕದ ಬೀದಿಯಲ್ಲಿರುವ ಅಜ್ಜಿಯ ಮಗಳ ಮನೆಗೆ, ಸೊಸೆ ಬೆಟ್ಟು ಒತ್ತಿದ ತಿಂಗಳಿನಿಂದ ರೇಷನ್ ಸಕ್ಕರೆ ಹೋಗಿಲ್ಲ.