ಕಾರ್ಡಿನಲ್ಲಿ ಇಲ್ಲದ ಸದ್ದು

ನನ್ನ ಅಕ್ಕನ ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿದ ದಿನವೇ ಕೈತಪ್ಪಿಯೂ ಹೋಯಿತು. ಅಂಕ ಬೇಕಾದಷ್ಟಿತ್ತು, ವಯಸ್ಸು ಸಾಲಲಿಲ್ಲ. ಹನ್ನೊಂದು ದಿನ ಚಿಕ್ಕವಳು. ಕಾಲೇಜಿನ ಗುಮಾಸ್ತ ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟು, "ಒಂದೆರಡು ವಾರ ಮುಂಚೆ ಹುಟ್ಟೋಕೆ ಏನಾಗಿತ್ತಮ್ಮ?" ಎಂದು ಅವಳನ್ನೇ ಕೇಳಿದ. ಸೀಟನ್ನು ಒಂದು ವರ್ಷ ಕಾದಿರಿಸುತ್ತೇವೆ, ಬರುವ ವರ್ಷ ತಪ್ಪದೆ ಸೇರಬೇಕು, ಎರಡನೆಯ ಸಲ ಮುಂದೂಡುವ ನಿಯಮವಿಲ್ಲ ಎಂದು ಕಾಗದ ಕೊಟ್ಟರು.

ಇದರಲ್ಲಿ ನನ್ನ ಕೈವಾಡವೂ ಇತ್ತು. ಅವಳನ್ನು ಶಾಲೆಗೆ ಸೇರಿಸಿದವನು ಸೋದರಮಾವನಾದ ನಾನು. "ಇನ್ನೊಂದು ವರ್ಷ ಹೋಗಲಿ" ಎಂದ ಹೆಡ್‌ಮಿಸ್ಸಿನ ಎದುರು ಆ ಪುಟ್ಟ ಮಗುವಿನ ಬಾಯಿಂದ ಮೂರರ ಮಗ್ಗಿ ಹೇಳಿಸಿ ಗೆದ್ದು ಬಂದಿದ್ದೆ. ಆಮೇಲೆ ಮನೆಗೆ ಬಂದವರಿಗೆಲ್ಲ ಆ ಕತೆ ಹೇಳಿ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೂ ಉಂಟು. ಶಾಲೆಯ ಸಮವಸ್ತ್ರ ಹೊಲಿದುಕೊಡುವ ಅಕ್ಕ, ಸೀಟು ತಪ್ಪಿದ ದಿನ, ಮೆಷಿನ್ನಿನಿಂದ ತಲೆ ಎತ್ತದೆ, ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಯನ್ನೂ ತೆಗೆಯದೆ, "ನಿನ್ನ ಮಗ್ಗಿ ಉಪಕಾರ" ಎಂದಳು.

ಐದನೆಯ ವಯಸ್ಸಿನಿಂದಲೂ ಬೀದಿಯವರು ಅವಳನ್ನು ಕರೆಯುತ್ತಿದ್ದುದು ಡಾಕ್ಟ್ರಮ್ಮ ಎಂದು. ಈಗ ಅದೇ ಹೆಸರು ಅವಳನ್ನು ಅಟ್ಟಿಸಿಕೊಂಡು ಬರತೊಡಗಿತು. "ಏನು ಡಾಕ್ಟ್ರಮ್ಮ, ಇನ್ನೂ ಮನೇಲೇ ಇದ್ದೀರಾ?" ಎಂದು ಎದುರುಮನೆಯವರು ಕೇಳಿದ ಮೇಲೆ ಅವಳು ಕಸ ಹಾಕಲಿಕ್ಕೂ ಕತ್ತಲಾಗುವುದನ್ನು ಕಾಯುತ್ತಿದ್ದಳು. ಕೆಲಸ ಹುಡುಕುತ್ತೇನೆ ಎಂದು ಹೊರಟದ್ದು ಹೀಗೆ.

ಕೆಲಸವೇನು ಅವಳಿಗಾಗಿ ಕಾದು ಕುಳಿತಿರಲಿಲ್ಲ. ಔಷಧಿ ಅಂಗಡಿಯವರು, "ವರ್ಷಕ್ಕೇ ಬಿಟ್ಟು ಹೋಗೋರಿಗೆ ಡಬ್ಬಿ ಯಾವುದು, ಬಾಟ್ಲಿ ಎಲ್ಲಿ ಅಂತ ಯಾಕೆ ಕಲಿಸೋದು?" ಎಂದರು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಡಿಪ್ಲೊಮಾ ಕೇಳಿದರು. ಕಣ್ಣಿನ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡಲು ಇಟ್ಟುಕೊಂಡವರು ಮೂರನೆಯ ದಿನಕ್ಕೇ ಕಳಿಸಿಬಿಟ್ಟರು. ಹನಿ ಹಾಕಿಸಿಕೊಂಡ ಮುದುಕರೊಬ್ಬರಿಗೆ ಇವಳು ಆ ಹನಿ ಏಕೆ ಎಂದು ವಿವರಿಸಿದ್ದಳಂತೆ. "ಟೋಕನ್ ಕೊಡಮ್ಮ ಅಂದ್ರೆ ಪಾಠ ಕೊಟ್ಟಳು" ಎಂದು ದೂರು.

ಕೊನೆಗೆ ಕೆಲಸ ಸಿಕ್ಕಿದ್ದು ಅದೇ ಮೆಡಿಕಲ್ ಕಾಲೇಜಿನಲ್ಲಿ. ವಿದ್ಯಾರ್ಥಿಗಳ ಅಭ್ಯಾಸಕ್ಕೆ ರೋಗಿಗಳಂತೆ ನಟಿಸುವವರು ಬೇಕಾಗಿದ್ದಾರೆ, ಆರೋಗ್ಯವಂತರು ಮಾತ್ರ ಅರ್ಜಿ ಹಾಕಿ ಎಂದು ಅಲ್ಲಿ ಚೀಟಿ ಅಂಟಿಸಿದ್ದರು.

ನಾಲ್ಕನೆಯ ಮಹಡಿಯಲ್ಲಿ ಪರದೆ ಕಟ್ಟಿ ಮಾಡಿದ ಎಂಟು ಗೂಡುಗಳು. ಒಂದೊಂದರಲ್ಲೂ ಒಂದು ಮಂಚ, ಒಂದು ಸ್ಟೂಲು. ರೋಗಿಯ ಕೈಗೆ ಒಂದು ಕಾರ್ಡು. ಯಾವ ನೋವು, ಎಂದಿನಿಂದ, ಎಲ್ಲಿ ಒತ್ತಿದರೆ ಮುಖ ಕಿವುಚಬೇಕು, ಎಲ್ಲವೂ ಅದರಲ್ಲಿ. ಗಂಟೆ ಬಾರಿಸಿದರೆ ವಿದ್ಯಾರ್ಥಿ ಒಳಗೆ, ಎಂಟು ನಿಮಿಷಕ್ಕೆ ಮತ್ತೆ ಗಂಟೆ, ಹೊರಗೆ. ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು, ಕೇಳದೆ ಏನೂ ಹೇಳಬಾರದು, ವಿದ್ಯಾರ್ಥಿ ತಪ್ಪಿದರೆ ತಿದ್ದಬಾರದು. ಅವಳಿಗೆ ಬಂದದ್ದು ಹೊಟ್ಟೆನೋವಿನ ಕಾರ್ಡು.

ಕಾಲೇಜು ನಾಟಕಗಳಲ್ಲಿ ಮೂರು ಸಲ ಸತ್ತ ಅನುಭವಸ್ಥನೆಂದು ನಾನೇ ನರಳುವುದನ್ನು ಹೇಳಿಕೊಡಲು ಕೂತೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಮಾಮ, ನೀನು ಸಾಯ್ತಿದ್ದೀಯೋ ಹೆರ್ತಿದ್ದೀಯೋ ಗೊತ್ತಾಗ್ತಿಲ್ಲ" ಎಂದಳು. ನನ್ನ ಸಹಾಯವಿಲ್ಲದೆಯೇ ಚೆನ್ನಾಗಿ ನರಳಿದಳು. ಆ ನಾಲ್ಕು ತಿಂಗಳಷ್ಟು ಖುಷಿಯಾಗಿ ಅವಳು ಇದ್ದುದನ್ನು ನಾನು ಕಂಡಿಲ್ಲ. ಯಾವ ವಿದ್ಯಾರ್ಥಿ ತಣ್ಣನೆ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಟ್ಟುತ್ತಾನೆ, ಯಾರು ಗಡಿಯಾರ ನೋಡುತ್ತಾ "ಹೇಳಿ, ಹೇಳಿ" ಎನ್ನುತ್ತಾರೆ, ಎಲ್ಲ ಸಂಜೆ ವರದಿಯಾಗುತ್ತಿತ್ತು. ಆ ಮಹಡಿ ಹತ್ತುವಾಗ ಮಧ್ಯೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತೇನೆ ಎಂದೂ ಒಮ್ಮೆ ಹೇಳಿದಳು. "ಪುಸ್ತಕದ ಹುಳ ಮೆಟ್ಟಿಲು ಹತ್ತಿದ್ರೆ ಇನ್ನೇನಾಗುತ್ತೆ" ಎಂದು ನಾವು ನಕ್ಕೆವು.

ಆಮೇಲೆ ವಿದ್ಯಾರ್ಥಿಗಳ ಪರೀಕ್ಷೆ ಬಂತು. ಅವಳು ಕಾಲೇಜಿಗೆ ಸೇರಲು ಇನ್ನು ಎರಡೇ ತಿಂಗಳಿತ್ತು. ಅವಳ ಗೂಡಿನ ಮೂಲೆಯಲ್ಲಿ ಅಂಕಪಟ್ಟಿ ಹಿಡಿದು ಪ್ರೊಫೆಸರಮ್ಮ ಕೂತಿದ್ದರು. ಬೆಳಗಿನಿಂದ ಬಂದ ಹತ್ತೊಂಬತ್ತು ಜನ ಹೊಟ್ಟೆ ಒತ್ತಿ, ಶಾಸ್ತ್ರಕ್ಕೆಂದು ಎದೆಗೂ ಸ್ಟೆತಸ್ಕೋಪ್ ತಾಗಿಸಿ ಹೋಗಿದ್ದರು. ಇಪ್ಪತ್ತನೆಯವಳು ಒಬ್ಬ ದಪ್ಪ ಕನ್ನಡಕದ ವಿದ್ಯಾರ್ಥಿನಿ. ಎದೆಗೆ ಸ್ಟೆತಸ್ಕೋಪ್ ಇಟ್ಟವಳು ತೆಗೆಯಲೇ ಇಲ್ಲ. ಉಸಿರು ಬಿಡಿ, ಹಿಡಿಯಿರಿ, ಮುಂದಕ್ಕೆ ಬಾಗಿ, ಮಲಗಿ ಎಂದಳು. ಆಮೇಲೆ ಮೂಲೆಗೆ ತಿರುಗಿ, "ಹೃದಯದಲ್ಲಿ ಒಂದು ಸದ್ದಿದೆ ಮೇಡಂ, ಇರಬಾರದ ಸದ್ದು" ಎಂದಳು.

"ರೋಗಿ ಏನು ತೊಂದರೆ ಅಂತ ಬಂದಿದ್ದಾರೆ?"

"ಹೊಟ್ಟೆನೋವು ಅಂತ. ಆದ್ರೆ ಸದ್ದು ನಿಜವಾಗ್ಲೂ ಇದೆ. ಇನ್ನೊಂದ್ಸಲ ನೋಡ್ತೀನಿ."

ಇನ್ನೊಂದು ಸಲ ನೋಡುವಷ್ಟರಲ್ಲಿ ಗಂಟೆ ಬಡಿಯಿತು. ಹೊಟ್ಟೆ ಮುಟ್ಟಿರಲೇ ಇಲ್ಲ. ಕಾರ್ಡಿನಲ್ಲಿ ಹೃದಯ ಸಹಜ ಎಂದಿತ್ತು. ಪ್ರೊಫೆಸರಮ್ಮ ಸೊನ್ನೆ ಹಾಕಿ ಪುಟ ತಿರುವಿದರು. ಕನ್ನಡಕದವಳು ಫೇಲಾದಳು.

ಅಂದು ಸಂಜೆ ಡಾಕ್ಟ್ರಮ್ಮ ನೇರ ನನ್ನ ಮನೆಗೆ ಬಂದು ನಡೆದದ್ದೆಲ್ಲ ಹೇಳಿದಳು. ಅಕ್ಕನಿಗೆ ಹೇಳಿರಲಿಲ್ಲ.

"ಮಾಮ, ಆ ಕನ್ನಡಕದವರು ಹೇಳಿದ್ದು ನಿಜ ಅನ್ಸುತ್ತೆ. ನಾಳೆ ಹೋಗಿ ಪ್ರೊಫೆಸರಿಗೆ ಕೇಳ್ಲಾ? ನಿಜ ಆಗಿದ್ರೆ ಅವರ ಮಾರ್ಕ್ಸ್ ಆದ್ರೂ ಸರಿ ಮಾಡ್ತಾರೆ."

ಧೈರ್ಯವಿಲ್ಲದ ಗಂಡಸಿಗೆ ಬುದ್ಧಿ ಹೇಳುವ ಚಪಲ ಜಾಸ್ತಿ. "ಹೆದರಿದವರಿಗೆ ಪರೀಕ್ಷೇಲಿ ಏನೇನೋ ಕೇಳ್ಸುತ್ತೆ ಕಣೆ. ಸೇರುವಾಗ ಫಿಟ್‌ನೆಸ್ ಫಾರಂ ಕೊಡ್ಬೇಕು ಗೊತ್ತಲ್ಲ? ಅದಕ್ಕೊಂದು ಸಹಿ ಬೀಳ್ಲಿ, ಆಮೇಲೆ ಎಲ್ಲಿ ಬೇಕಾದ್ರೂ ತೋರಿಸೋಣ. ಅಲ್ಲೀವರೆಗೂ ತುಟಿ ಪಿಟಕ್ ಅನ್ಬೇಡ."

"ಅವರ ಗತಿ?"

"ಮರುಪರೀಕ್ಷೆ ಇರುತ್ತಲ್ಲ, ಪಾಸಾಗ್ತಾರೆ ಬಿಡು."

ಹುಡುಗಿ ಮಾವನ ಮಾತು ಕೇಳಿದಳು. ಎಂಟು ದಿನ. ಒಂಬತ್ತನೆಯ ದಿನ ನನಗೂ ಹೇಳದೆ ಪ್ರೊಫೆಸರಮ್ಮನ ಕೋಣೆಯ ಬಾಗಿಲು ತಟ್ಟಿದಳು.

ಅವರು ಕೆಟ್ಟವರೇನಲ್ಲ. ಎಲ್ಲ ಕೇಳಿಸಿಕೊಂಡು ತಾವೇ ಸ್ಟೆತಸ್ಕೋಪ್ ಹಿಡಿದು, ಕಣ್ಣು ಮುಚ್ಚಿ ಬಹಳ ಹೊತ್ತು ಆಲಿಸಿದರು. "ಇದೆ" ಎಂದರು. "ನಾಲ್ಕು ತಿಂಗಳಿಂದ ನಮ್ಮ ಮೂಗಿನ ಕೆಳಗೇ ಇದೆ."

"ಹಾಗಾದ್ರೆ ಅವರ ಮಾರ್ಕ್ಸ್ ಮೇಡಂ?"

"ಫಲಿತಾಂಶಕ್ಕೆ ಮೊನ್ನೆ ಸಹಿ ಆಗೋಯ್ತಲ್ಲಮ್ಮ. ಆ ವಾರವೇ ಬಂದಿದ್ರೆ ಏನಾದ್ರೂ ಮಾಡ್ಬಹುದಿತ್ತು. ಅದೂ ಅಲ್ದೆ, ಅವಳು ಹೊಟ್ಟೆ ನೋಡ್ಲೇ ಇಲ್ವಲ್ಲ."

ಹುಟ್ಟಿನಿಂದಲೇ ಇದ್ದ ಒಂದು ತೂತು ಎಂದು ಸ್ಕ್ಯಾನಿನಲ್ಲಿ ಬಂತು. ಮುಚ್ಚಬಹುದು, ಗಾಬರಿ ಬೇಡ, ಈಗಲೇ ಸಿಕ್ಕಿದ್ದು ಒಳ್ಳೆಯದಾಯಿತು, ಬಿಟ್ಟಿದ್ದರೆ ಕಷ್ಟವಿತ್ತು ಎಂದರು ಹೃದಯದ ಡಾಕ್ಟರು. ಏಳು ವಾರ ಬಿಟ್ಟು ಆಪರೇಷನ್ನಿಗೆ ದಿನ ಗೊತ್ತು ಮಾಡಿ, ಆಮೇಲೆ ಆರು ತಿಂಗಳು ವಿಶ್ರಾಂತಿ, ಅದು ಮುಗಿಯದೆ ಯಾವ ಫಾರಮ್ಮಿಗೂ ಸಹಿ ಹಾಕುವುದಿಲ್ಲ ಎಂದೂ ಹೇಳಿದರು. ನಾನು ಕಾಲೇಜಿಗೆ ಓಡಿದೆ. ಎರಡನೆಯ ಸಲ ಮುಂದೂಡುವ ನಿಯಮವಿಲ್ಲ ಎಂದು ಗುಮಾಸ್ತ ಅವರೇ ಕೊಟ್ಟಿದ್ದ ಕಾಗದವನ್ನು ನನಗೆ ಓದಿ ಹೇಳಿದ. ಸೀಟು ಪಟ್ಟಿಯ ಮುಂದಿನವರಿಗೆ ಹೋಯಿತು. ಇವಳು ಮತ್ತೆ ಪ್ರವೇಶ ಪರೀಕ್ಷೆ ಬರೆಯಬೇಕು.

ಅಕ್ಕ ಆ ದಿನ ಮೆಷಿನ್ ನಿಲ್ಲಿಸಿದಳು. "ಸಹಿ ಬೀಳೋವರೆಗೂ ಸುಮ್ನಿರು ಅಂದ್ಯಂತೆ" ಎಂದಳು. ಗುಂಡುಸೂಜಿಯಿಲ್ಲದ ಬಾಯಿ. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತೆ. ಅವಳು ಗುಂಡುಸೂಜಿ ಕಚ್ಚಿ ಮತ್ತೆ ಮೆಷಿನ್ ತುಳಿಯತೊಡಗಿದಳು, ಬೈದಿದ್ದರೆ ಚೆನ್ನಾಗಿತ್ತು.

ಆಪರೇಷನ್ನಿಗೆ ಐದು ದಿನವಿರುವಾಗ ಮರುಪರೀಕ್ಷೆ ಬಂತು. ರೋಗಿಗಳು ಸಾಲದೆ ಕಾಲೇಜಿನಿಂದ ಫೋನು ಮಾಡಿದರು. ಲಿಫ್ಟಿನಲ್ಲೇ ಕರೆಸಿಕೊಳ್ಳುತ್ತೇವೆ ಎಂದರು. ಅವಳು ಹೋಗುತ್ತೇನೆಂದಳು. ಕನ್ನಡಕದವಳನ್ನು ನೋಡಲೆಂದೇ ಹೋದದ್ದು. ಈ ಸಲ ಮೂಲೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರಿದ್ದರು. ಕಾರ್ಡು ಮಾತ್ರ ಅದೇ: ಹೊಟ್ಟೆನೋವು, ಹೃದಯ ಸಹಜ.

ಸಂಜೆ ನಾನೇ ಕರೆತರಲು ಹೋಗಿದ್ದೆ. ಬಸ್ಸಿನಲ್ಲಿ ಕೂತ ಮೇಲೆ ಹೇಳಿದಳು.

"ಅದೇ ಜಾಗಕ್ಕೆ ಇಟ್ರು ಮಾಮ, ಒಂದಿಂಚು ಆಚೀಚೆ ಇಲ್ಲ. ಸರಿಯಾಗಿ ಕೇಳ್ಲಿ ಅಂತ ನಾನೂ ಉಸಿರು ಹಿಡ್ಕೊಂಡೆ. ಒಂದು ನಿಮಿಷ ಅಲ್ಲೇ ಇಟ್ಟಿದ್ರು. ನನ್ನ ಮುಖ ನೋಡಿದ್ರು, ಪರೀಕ್ಷಕರ ಮುಖ ನೋಡಿದ್ರು."

"ಆಮೇಲೆ?"

"'ಹೃದಯ ಸಹಜ' ಅಂದ್ರು. ಹೊಟ್ಟೆ ಒತ್ತಿದ್ರು. ತುಂಬಾ ಚೆನ್ನಾಗಿ ಒತ್ತಿದ್ರು."

ಸಮಾಧಾನದ ಮಾತು ನನ್ನ ಬಾಯಲ್ಲಿ ಸದಾ ಸಿದ್ಧವಿರುತ್ತದೆ. "ಹೋಗ್ಲಿ, ಪಾಸಾಗ್ತಾರಲ್ಲ ಬಿಡು" ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು.

"ಹೂಂ. ಅವರಿಗೂ ಒಬ್ಬ ಮಾಮ ಇರ್ಬೇಕು."