ಪೂವಪ್ಪನವರ ಏಳುನೂರು ಮೀಟರ್

ಬೆಳಗಿನ ಆರು ಗಂಟೆ. ಕಲ್ಯಾಣ ಪಟ್ಟಣದಾಚೆಯ ಬಯಲಿನಲ್ಲಿ, ಹಳೆಯ ರನ್‌ವೇ ಮೇಲೆ ಕುಕ್ಕರಗಾಲಲ್ಲಿ ಕುಳಿತ ಪೂವಪ್ಪನವರು ಬಿರುಕಿನಿಂದ ತಲೆಯೆತ್ತಿದ ಅರಳಿ ಸಸಿಯನ್ನು ಎಳೆಯುತ್ತಿದ್ದಾರೆ. ಸಸಿ ಎರಡು ಬೆರಳಿನಷ್ಟು, ಬೇರು ಒಂದು ಮೊಳ. ಬೇರು ತುಂಡಾಗದೆ ಬಂದ ಮೇಲೆಯೇ ಕಾಯಿಸಿದ ಡಾಂಬರು ಸುರಿದು, ಮರಳು ಉದುರಿಸಿ, ಹಿಮ್ಮಡಿಯಿಂದ ಒತ್ತುತ್ತಾರೆ.

ಹೊಲಗಳಿಗೆ ಕೀಟನಾಶಕ ಸಿಂಪಡಿಸುವ ಪುಟ್ಟ ವಿಮಾನಗಳು ಒಂದು ಕಾಲಕ್ಕೆ ಇಲ್ಲಿಂದ ಏಳುತ್ತಿದ್ದವು. ಕಾರ್ಕಳದಿಂದ ಬಂದು ಇಲ್ಲೇ ಪಕ್ಕದ ಠಾಕುರ್ಲಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಪೂವಪ್ಪನವರಿಗೆ ಕಂಪನಿ ಕೊಟ್ಟದ್ದು ಬಾವುಟ ಹಿಡಿಯುವ ಕೆಲಸ. ಹೊಲದ ಅಂಚಿನಲ್ಲಿ ನಿಂತು ಬೀಸಬೇಕು. ವಿಮಾನ ತಲೆಯ ಮೇಲೆ ಹಾದ ಕೂಡಲೇ ಗಾಳಿಗೆ ಎದುರಾಗಿ ಇಪ್ಪತ್ತು ಹೆಜ್ಜೆ ಸರಿದು, ಮುಂದಿನ ಸುತ್ತಿಗೆ ಗುರುತಾಗಿ ನಿಲ್ಲಬೇಕು.

"ಹೆಜ್ಜೆ ತಪ್ಪಿದರೆ ಒಂದು ಪಟ್ಟಿ ಬೆಳೆಗೆ ಮದ್ದೇ ಇಲ್ಲ, ಪಕ್ಕದ್ದಕ್ಕೆ ಡಬಲ್. ಗಾಳಿ ತಪ್ಪಿದರೆ ಅಷ್ಟೂ ನನಗೇ," ಎಂದು ನಗುತ್ತಾರೆ. ನಗು ಕೆಮ್ಮಿನಲ್ಲಿ ಮುಗಿಯುತ್ತದೆ.

ಹೊಲಗಳಲ್ಲಿ ಕಟ್ಟಡಗಳೆದ್ದವು. ಕೊನೆಯ ವಿಮಾನ ಹೋಗಿ ಹದಿನಾಲ್ಕು ವರ್ಷ. ಕಾವಲಿಗೆ ಉಳಿದವರು ಇವರೊಬ್ಬರೇ. ರನ್‌ವೇ ಏಳುನೂರು ಮೀಟರ್, ಇವರ ಕೈಗೆ ಸಿಗುವುದು ದಿನಕ್ಕೆ ಹದಿನೈದು. ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯಲ್ಲಿ ಹುಲ್ಲು. ಎಷ್ಟೋ ದಿನ ಅವರು ಬಾಯಿ ತೆರೆಯುವುದೇ ಸಂಜೆ, ಕಳವಾ ಊರಿನಲ್ಲಿರುವ ಮಗಳು ರಮಿತಾ ಫೋನ್ ಮಾಡಿದಾಗ.

ಕಳೆನಾಶಕ ಹೊಡೆಯಬಾರದೇ ಎಂದರೆ ತಲೆಯಾಡಿಸುತ್ತಾರೆ. "ಹೊಡೆದರೆ ಎರಡು ದಿನದ ಕೆಲಸ ಮಾರಾಯ್ರೆ. ಮತ್ತೆ ವರ್ಷ ಇಡೀ ನಾನು ಯಾರೊಟ್ಟಿಗೆ ಇರುವುದು?"

ಕಳೆದ ತಿಂಗಳು ಕಂಪನಿಯ ಪತ್ರ ಬಂದಿದೆ: ರನ್‌ವೇ ಮೇಲ್ಮೈಯ ತಪಾಸಣೆ. ನೆಲ ಗಟ್ಟಿ ಇದ್ದರೆ ವಿಮಾನಗಳು ಮರಳುತ್ತವೆ ಎಂಬುದು ಪೂವಪ್ಪನವರ ಎಣಿಕೆ. ಇಲ್ಲವಾದರೆ ಮತ್ತೇಕೆ ನೋಡುತ್ತಾರೆ? ಅಂದಿನಿಂದ ಊಟ ಮರೆತು ಬಿರುಕು ಮುಚ್ಚಿದ್ದಾರೆ. ಇಂದು ಮುಚ್ಚಿದ್ದೇ ಕೊನೆಯದು.

ಹತ್ತಕ್ಕೆ ತಪಾಸಣೆಯ ಅಧಿಕಾರಿ ಯತಿನ್ ಬರುತ್ತಾರೆ. ಉಡುಪಿ ಮೂಲದವರು, ಹುಟ್ಟಿದ್ದು ಡೊಂಬಿವಲಿಯಲ್ಲಿ. ಕಾರನ್ನು ಈ ತುದಿಯಿಂದ ಆ ತುದಿಗೆ ಓಡಿಸಿ, ಇಳಿದು, ಬಾಗಿ ನೆಲ ಮುಟ್ಟಿ ನೋಡುತ್ತಾರೆ.

"ಕಾಕಾ, ಏಕ್‌ದಮ್ ಮಸ್ತ್ ಇಟ್ಟಿದ್ದೀರಿ! ಒಂದು ಬಿರುಕಿಲ್ಲ. ತುರ್ಭೆ ಗೋಡೌನಿನ ಕಂಟೇನರ್ ಲಾರಿಗಳನ್ನು ಒಂದನೇ ತಾರೀಖಿನಿಂದಲೇ ಇಲ್ಲಿ ನಿಲ್ಲಿಸಬಹುದು."

"ಲಾರಿಯಾ?"

"ನೂರಿಪ್ಪತ್ತು. ವಾಚ್‌ಮನ್ ನೀವೇ, ಟೆನ್ಶನ್ ಬೇಡ. ನೆಲ ಹಾಳಾಗಿದ್ದರೆ ಬೇರೆ ಜಾಗ ನೋಡ್ತಿದ್ದೆವು."

ಕಾರು ಹೋಗುತ್ತದೆ. ಪೂವಪ್ಪನವರು ಡಾಂಬರಿನ ಡಬ್ಬಿ ತೊಳೆದು ಕವುಚಿ ಹಾಕುತ್ತಾರೆ.

ಸಂಜೆ ಫೋನ್ ಬರುತ್ತದೆ.

"ಪಪ್ಪಾ, ಇನ್‌ಸ್ಪೆಕ್ಷನ್ ಕಾ ಕ್ಯಾ ಹುವಾ, ಏನಾಯ್ತು?"

"ಪಾಸ್. ಎಷ್ಟು ಹುಡುಕಿದರೂ ಅವರಿಗೆ ಏನೂ ಸಿಗಲಿಲ್ಲ."

"ಅರೇ ವಾ! ತೋ ಪ್ಲೇನ್ ಆಯೇಗಾ, ಮತ್ತೆ ಬರುತ್ತದಾ?"

ಪೂವಪ್ಪನವರು ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸುತ್ತಾರೆ.

"ಕಾರು ಎಂಬತ್ತರ ಸ್ಪೀಡಲ್ಲಿ ಹೋಯಿತು ಮಗಾ," ಎನ್ನುತ್ತಾರೆ. "ಒಳಗೆ ಗ್ಲಾಸು ತುಂಬ ಚಾ ಇಟ್ಟಿದ್ದರೂ ಚೆಲ್ಲುತ್ತಿರಲಿಲ್ಲ."