ಕಾಂಪೌಂಡರಮ್ಮನ ಭಾನುವಾರದ ಒಲೆ

ಕಳೆದ ಭಾನುವಾರ ಕೆಳಗಿನ ಮನೆಯಿಂದ ಮೀನಿಗೆ ಮೂಲಂಗಿ ಹಾಕಿ ಬೇಯಿಸುವ ವಾಸನೆ ಬಂತು. ಬಾಯಲ್ಲಿ ನೀರೂರಬೇಕಿತ್ತು. ನನಗೆ ಸಿಟ್ಟು ಬಂತು. ಅರವತ್ತು ವರ್ಷದ ಹಳೆಯ ಸಿಟ್ಟು, ಇನ್ನೂ ಆರಿಲ್ಲ.

ಆಗ ನನಗೆ ಹತ್ತು ವರ್ಷ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೆಂಚಾರ್ಲಹಳ್ಳಿ ಕಡೆ ನಮ್ಮೂರು. ನಡುಮನೆ ತುಂಬ ರೇಷ್ಮೆ ಹುಳದ ತಟ್ಟೆಗಳು. ಹುಳಕ್ಕೆ ಜಾಗ ಬಿಟ್ಟು ನಾವು ಮೂಲೆಯಲ್ಲಿ ಮಲಗುತ್ತಿದ್ದೆವು. ಪಕ್ಕದ ಎರಡು ಕೋಣೆಗಳನ್ನು ಅಪ್ಪ ಊರಿನ ಆಸ್ಪತ್ರೆಯ ಕಾಂಪೌಂಡರಿಗೆ ಬಾಡಿಗೆಗೆ ಕೊಟ್ಟಿದ್ದರು. ಅವರ ಹೆಂಡತಿಯನ್ನು ಊರೆಲ್ಲ ಕಾಂಪೌಂಡರಮ್ಮ ಅನ್ನುತ್ತಿತ್ತು. ಮನೆಮಾತು ತೆಲುಗು, ನಮ್ಮ ಹತ್ತಿರ ಕನ್ನಡ. ಮಕ್ಕಳಿರಲಿಲ್ಲ...

ಹುಳ ಇರುವ ಮನೆಗೆ ಕಟ್ಟುಪಾಡು ಬಹಳ. ಮೀನು ಮಾಂಸ ಬೇಯಿಸಬಾರದು, ಇಂಗಿನ ಒಗ್ಗರಣೆ ಹಾಕಬಾರದು, ಬೀಡಿ ಸೇದಬಾರದು. ಘಾಟು ತಗುಲಿದರೆ ಹುಳ ಸಾಯುತ್ತದೆ ಅನ್ನುವುದು ಅಜ್ಜಿಯ ಮಾತು, ಅಜ್ಜಿಯ ಮಾತೇ ಮನೆಗೆ ಕಾನೂನು. ಕಾಂಪೌಂಡರಮ್ಮ ಅದನ್ನು ನಮಗಿಂತ ಚೆನ್ನಾಗಿ ಪಾಲಿಸುತ್ತಿದ್ದರು. ಭಾನುವಾರದ ಮೀನಿಗೆಂದೇ ಹಿತ್ತಿಲ ತುದಿಯಲ್ಲಿ, ಹೊಂಗೆ ಮರದ ಕೆಳಗೆ, ಮೂರು ಕಲ್ಲಿನ ಒಲೆ ಹೂಡಿಕೊಂಡಿದ್ದರು. ಹಚ್ಚುವ ಮುಂಚೆ ಒಂದು ಚಿಟಿಕೆ ಬೂದಿಯನ್ನು ಗಾಳಿಗೆ ತೂರಿ ನೋಡುತ್ತಿದ್ದರು. ಬೂದಿ ಹೊಲದ ಕಡೆ ಹೋದರೆ ಮೀನು. ನಮ್ಮ ಮನೆ ಕಡೆ ಬಂದರೆ ತಂದ ಮೀನನ್ನು ಯಾರಿಗಾದರೂ ಕೊಟ್ಟು, ಒಳಗೆ ಹೋಗಿ ಬೇಳೆ ಸಾರು ಮಾಡಿಕೊಳ್ಳುತ್ತಿದ್ದರು.

ಮೀನಿನ ಭಾನುವಾರಗಳಲ್ಲಿ ಕಾಂಪೌಂಡರು ಬನಿಯನ್ನಿನಲ್ಲೇ ಚಾಪೆಯ ಮೇಲೆ ಕೂತು ಮೂಲಂಗಿ, ಬದನೆಕಾಯಿ ಹೆಚ್ಚುತ್ತಿದ್ದರು. ಗಂಡಸು ತರಕಾರಿ ಹೆಚ್ಚುವುದನ್ನು ನಾನು ಮೊದಲು ಕಂಡದ್ದು ಅಲ್ಲೇ. ಆಕೆ ಕೆರೆ ಮೀನನ್ನು ಕಲ್ಲುಪ್ಪು ಹಾಕಿ ಉಜ್ಜಿ, ನಾಲ್ಕು ನೀರಲ್ಲಿ ತೊಳೆದು, ಮೆಂತ್ಯ ಹುರಿದು ಖಾರ ರುಬ್ಬುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತಿತ್ತು. ಅವಸರವೇ ಇಲ್ಲ. ತರಕಾರಿ ಅರ್ಧ ಬೆಂದ ಮೇಲೆ ಹುಣಸೆ ರಸ, ಕೊನೆಗೆ ಮೀನು. ಆಮೇಲೆ ಸೌಟು ಹಾಕುವಂತಿಲ್ಲ, ಮಡಕೆಯನ್ನೇ ಬಟ್ಟೆಯಲ್ಲಿ ಹಿಡಿದು ಅಲುಗಿಸಬೇಕು. ಇಬ್ಬರೂ ಏನೇನೋ ಹೇಳಿಕೊಂಡು ನಗುತ್ತಿದ್ದರು. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಹಾಗೆ ನಕ್ಕಿದ್ದನ್ನು ನಾನು ಕಂಡಿಲ್ಲ. ಅಜ್ಜಿಗೆ ಮೀನಿಗಿಂತ ಆ ನಗುವಿನ ಘಾಟೇ ಹೆಚ್ಚಾಗಿತ್ತು ಅಂತ ಈಗ ಅನ್ನಿಸುತ್ತದೆ.

ಒಂದು ಶನಿವಾರ ಸಂಜೆ ಮಳೆ ಬಂತು. ಹುಳ ನಾಲ್ಕನೇ ಜ್ವರ ಎದ್ದಿತ್ತು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅದಾದ ಮೇಲೆ ಅವಕ್ಕೆ ಎಷ್ಟು ಹಾಕಿದರೂ ಸಾಲದು. ಅಪ್ಪ ಮಳೆಯಲ್ಲೇ ಹಿಪ್ಪುನೇರಳೆ ಸೊಪ್ಪು ಕೊಯ್ಯಿಸಿ ತಂದರು. ಒದ್ದೆ ಸೊಪ್ಪನ್ನು ಹರವಿ, ಆರಿಸಿಯೇ ಹುಳಕ್ಕೆ ಹಾಕಬೇಕು, ಇಲ್ಲದಿದ್ದರೆ ರೋಗ ಬರುತ್ತದೆ. ಇದು ನಮ್ಮೂರಿನ ಕೂಸಿಗೂ ಗೊತ್ತು. ಆದರೆ ಚಾವಡಿಯಲ್ಲಿ ಇಸ್ಪೀಟಿನವರು ಅಪ್ಪನಿಗಾಗಿ ಕಾಯುತ್ತಿದ್ದರು. ಅಜ್ಜಿ ಆ ಹೊತ್ತಿಗೆ ದೀಪ ಹಚ್ಚಲು ಗುಡಿಗೆ ಹೋಗಿದ್ದರು. ಅಪ್ಪ ಹಾಗೇ ಹಾಕಿ ಎದ್ದು ಹೋದರು. ಕುಕ್ಕೆ ಎತ್ತಿಕೊಟ್ಟವಳು ನಾನೇ. ನನ್ನ ಲಂಗದ ಮುಂಭಾಗ ಪೂರ್ತಿ ನೆನೆದಿತ್ತು.

ಮಾರನೆಯ ದಿನ ಬಿಸಿಲು ಬಂತು. ಬೂದಿ ಹೊಲದ ಕಡೆ ಹಾರಿತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ವಾಸನೆಗೆ ಸೋತು ಒಲೆಯ ಸುತ್ತ ಸುಳಿಯುತ್ತಿದ್ದವಳನ್ನು ಕಾಂಪೌಂಡರಮ್ಮ ಕೂರಿಸಿಕೊಂಡು, ಬಿಸಿ ಮುದ್ದೆ ಮುರಿದು, ಮುಳ್ಳು ತೆಗೆದ ಮೀನು ಹಾಕಿದರು. ತಿಂದಾದ ಮೇಲೆ ತಾವೇ ನೀರು ಕಾಯಿಸಿ ನನಗೆ ತಲೆಗೆ ಎರೆದು, ಬಟ್ಟೆ ಬದಲಾಯಿಸಿದ ಮೇಲೆಯೇ ಹುಳದ ಮನೆಗೆ ಬಿಟ್ಟರು. ಅಷ್ಟು ಎಚ್ಚರದ ಹೆಂಗಸು.

ಮಂಗಳವಾರ ತಟ್ಟೆ ತಟ್ಟೆಯೂ ಕೆಟ್ಟಿತು. ಹುಳ ಮೆತ್ತಗಾಗಿ, ಕಪ್ಪಾಗಿ, ನಾತ. ಅಜ್ಜಿ ನೇರ ಹಿತ್ತಿಲಿಗೆ ನಡೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎಮ್ಮೆ ಎಲ್ಲಿಂದಲೋ ಬಂದದ್ದು, ಕೇಳುವವರಿರಲಿಲ್ಲ.

"ಹುಳ ಇರೋ ಮನೆ ಹಿಂದೆ ಮೀನು ಬೇಯಿಸ್ದವಳು ನೀನು. ಈ ಮನೇವ್ರು ಯಾರು ಬಂದು ತಿಂದ್ರು ಹೇಳು, ಅವರ ಕೈಯಿಂದಾನೇ ಒಳಕ್ಕೆ ಬಂದೈತೆ."

ಆಕೆ ನನ್ನನ್ನು ನೋಡಿದರು. ನನ್ನ ಹೆಸರು ಹೇಳಿದ್ದರೆ ಅಜ್ಜಿಯ ಸಿಟ್ಟು ನನ್ನ ಬೆನ್ನಿಗೆ ತಿರುಗುತ್ತಿತ್ತು, ಅವರು ಉಳಿಯುತ್ತಿದ್ದರೋ ಏನೋ.

"ನಾವಿಬ್ರೇ ತಿಂದಿದ್ದಮ್ಮ," ಅಂದರು. "ಇನ್ಯಾರೂ ಬಂದಿಲ್ಲ."

ಅಪ್ಪ ಕಂಬಕ್ಕೆ ಒರಗಿ ನಿಂತಿದ್ದರು. ಬಾಯಿ ಬಿಡಲಿಲ್ಲ. ಅಜ್ಜಿ ಹೇಳಿದ ತಕ್ಷಣ ಗುದ್ದಲಿ ತಂದು ಆ ಮೂರು ಕಲ್ಲನ್ನೂ ಮೀಟಿ ಎಸೆದರು. ಆ ಕೆಲಸಕ್ಕೆ ಅವರಿಗೆ ಹೊತ್ತಿತ್ತು, ಸೊಪ್ಪು ಆರಿಸುವುದಕ್ಕೆ ಇರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅಪ್ಪನ ಭಯ, ಏಟಿನ ಭಯ... ಹತ್ತು ವರ್ಷದವಳು ಏನು ಮಾಡಿಯಾಳು ಅಂತ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡದ್ದುಂಟು. ಅದು ಯಾವತ್ತೂ ಸಾಕಾಗಿಲ್ಲ.

ವಾರದೊಳಗೆ ಕೋಣೆ ಖಾಲಿ ಮಾಡಿಸಿದರು. ಆಕೆ ಎತ್ತಿನ ಗಾಡಿಯಲ್ಲಿ ಮೀನಿನ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಮುಂದಿನ ಮಳೆಗಾಲದಲ್ಲಿ ಮತ್ತೆ ಒದ್ದೆ ಸೊಪ್ಪು ಬಿತ್ತು, ಮತ್ತೆ ಹುಳ ಸತ್ತಿತು. ಹಿತ್ತಿಲಲ್ಲಿ ಒಲೆಯೂ ಇರಲಿಲ್ಲ, ಮೀನೂ ಇರಲಿಲ್ಲ. ಅಜ್ಜಿ ಹೊಗೆಸೊಪ್ಪು ಜಗಿಯುವ ಕೂಲಿಯವಳನ್ನು, ಅದರ ಘಾಟೇ ತಗುಲಿತು ಅಂತ ಬೈದು ಓಡಿಸಿದರು. ಕಾಂಪೌಂಡರಮ್ಮನ ಮಾತು ಯಾರೂ ಎತ್ತಲಿಲ್ಲ.

ಅಪ್ಪನಿಗೆ ವಯಸ್ಸಾಗಿ ಹಾಸಿಗೆ ಹಿಡಿದಾಗ, ಅವತ್ತು ಒದ್ದೆ ಸೊಪ್ಪಿನ ಮಾತು ಯಾಕೆ ಹೇಳಲಿಲ್ಲ ಅಂತ ಒಮ್ಮೆ ಕೇಳಿಯೇಬಿಟ್ಟೆ. ಅವರು ಗೋಡೆ ಕಡೆ ತಿರುಗಿ, "ಈಗ್ಯಾಕಮ್ಮ ಅದು? ಅವರೆಲ್ಲಿದಾರೋ ಏನೋ," ಅಂದರು. ಅಂದರೆ ನೆನಪಿತ್ತು. ಅದೇ ನನಗೆ ಹೆಚ್ಚು ಉರಿಯಿತು.

ಅವರು ಎಲ್ಲಿಗೆ ಹೋದರೋ ನನಗೂ ಗೊತ್ತಿಲ್ಲ. ಈಗ ಬದುಕಿರಲಾರರು. ಆಕೆ ಮಾಡುತ್ತಿದ್ದಂತೆಯೇ ನಾನು ಮೀನು ಮಾಡುತ್ತೇನೆ, ಮಕ್ಕಳು ಅಮ್ಮನ ಕೈರುಚಿ ಅನ್ನುತ್ತಾರೆ, ನಾಚಿಕೆಯಿಲ್ಲದೆ ಕೇಳಿಸಿಕೊಳ್ಳುತ್ತೇನೆ. ಮೊನ್ನೆ ಆ ವಾಸನೆ ಬಂದಾಗ ಅಡುಗೆಮನೆಯಲ್ಲಿ ಒಬ್ಬಳೇ ಇದ್ದೆ. "ಸೊಪ್ಪು ಒದ್ದೆಯಿತ್ತು," ಅಂತ ಗಟ್ಟಿಯಾಗಿಯೇ ಹೇಳಿದೆ. ಎಷ್ಟು ಸಣ್ಣ ಮಾತು. ಅಂದು ಅಷ್ಟು ಹೇಳಿದ್ದರೆ ಸಾಕಿತ್ತು.